ಪಾತ್ರೆ ತಣ್ಣಗಿರಲಿ, ಸಾರು ಬಿಸಿಯಾಗಲಿ

ಮುಂಬಯಿಯ ಕಚೇರಿಗಳಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಮೈಕ್ರೋವೇವ್ ಮುಂದೆ ಸಾಲು ನಿಲ್ಲುತ್ತದೆ. ಕೈಯಲ್ಲಿರುವುದು ಹೆಚ್ಚಾಗಿ ಎರಡೇ ಬಗೆ: ಸ್ಟೀಲ್ ಡಬ್ಬಿ, ಇಲ್ಲವೇ ಅರಿಸಿನದ ಕಲೆ ಹಿಡಿದ ಹಳೆಯ ಪ್ಲಾಸ್ಟಿಕ್ ಡಬ್ಬಿ. ಎರಡನ್ನೂ ಒಳಗಿಡಬಾರದು, ಕಾರಣ ಮಾತ್ರ ಬೇರೆ ಬೇರೆ.

ಮೈಕ್ರೋವೇವ್ ಮುಖ್ಯವಾಗಿ ಕಾಯಿಸುವುದು ಆಹಾರದೊಳಗಿನ ನೀರನ್ನು. ಗಾಜು, ಪಿಂಗಾಣಿಗಳ ಮೂಲಕ ತರಂಗ ಹಾದುಹೋಗುತ್ತದೆ. ಲೋಹಕ್ಕೆ ಬಡಿದರೆ ಹಿಂದಿರುಗುತ್ತದೆ. ಹಾಗಾಗಿ ಸ್ಟೀಲ್ ಡಬ್ಬಿಯೊಳಗಿನ ಅನ್ನ ತಣ್ಣಗೇ ಉಳಿಯುತ್ತದೆ. ಡಬ್ಬಿಯ ಅಂಚು ಒಳಗೋಡೆಗೆ ತಾಗಿದರಂತೂ ಕಿಡಿ ಹಾರುತ್ತದೆ. ಮದುವೆಯಲ್ಲಿ ಉಡುಗೊರೆ ಬಂದ, ಚಿನ್ನದ ಗೆರೆಯ ಡಿನ್ನರ್ ಸೆಟ್ಟಿಗೂ ಇದೇ ಗತಿ. ಆ ಗೆರೆಯೂ ಲೋಹವೇ.

ಹೆಸರಿಲ್ಲದ ಪಾತ್ರೆ ಕೈಗೆ ಸಿಕ್ಕರೆ ಹೀಗೆ ಪರೀಕ್ಷಿಸಿ. ಪಾತ್ರೆ ಲೋಹದ್ದಲ್ಲ, ಅದರ ಮೇಲೆ ಲೋಹದ ಗೆರೆಯೂ ಇಲ್ಲ ಎಂಬುದು ಮೊದಲು ಖಚಿತವಾಗಲಿ.

1. ಖಾಲಿ ಪಾತ್ರೆಯನ್ನು ಒಳಗಿಡಿ. ಪಕ್ಕದಲ್ಲಿ ಒಂದು ಗಾಜಿನ ಕಪ್‌ನಲ್ಲಿ ನೀರು ಇಡಿ. ನೀರಿಲ್ಲದೆ ಓಡಿಸಿದರೆ ತರಂಗ ಹೀರುವ ವಸ್ತುವೇ ಇಲ್ಲದೆ ಯಂತ್ರದ ಮ್ಯಾಗ್ನೆಟ್ರಾನ್ (ತರಂಗ ಹೊಮ್ಮಿಸುವ ಭಾಗ) ಕೆಡಬಹುದು.
2. ಹೈ ಪವರ್‌ನಲ್ಲಿ 1 ನಿಮಿಷ ಓಡಿಸಿ.
3. ಪಾತ್ರೆಯನ್ನು ಜಾಗ್ರತೆಯಾಗಿ ಮುಟ್ಟಿ ನೋಡಿ. ನೀರು ಬಿಸಿ, ಪಾತ್ರೆ ತಣ್ಣಗೆ ಇದ್ದರೆ ಬಳಸಬಹುದು. ಪಾತ್ರೆಯೇ ಸುಡುತ್ತಿದ್ದರೆ ಬೇಡ.

ಒಡೆಯುವುದಿಲ್ಲವೆಂದು ಕೊಳ್ಳುವ ಮೆಲಮೈನ್ ತಟ್ಟೆಗಳು ಸಾಮಾನ್ಯವಾಗಿ ಈ ಪರೀಕ್ಷೆಯಲ್ಲೇ ಸೋಲುತ್ತವೆ. ಧಾರಾವಿಯ ಕುಂಭಾರವಾಡದಿಂದ ತಂದ ಮೆರುಗಿಲ್ಲದ ಮಣ್ಣಿನ ಕುಡಿಕೆಯೂ ಹಾಗೆಯೇ: ಮಣ್ಣು ನೀರು ಹೀರಿರುತ್ತದೆ, ಆ ನೀರು ಕಾದು ಕುಡಿಕೆ ಸೀಳುತ್ತದೆ.

ಪ್ಲಾಸ್ಟಿಕ್ಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ತಳದ ತ್ರಿಕೋನದಲ್ಲಿ 5 ಎಂದಿದ್ದರೆ ಅದು ಪಾಲಿಪ್ರೊಪಿಲೀನ್. ಮೈಕ್ರೋವೇವ್ ಡಬ್ಬಿಗಳು ಹೆಚ್ಚಾಗಿ ಇದರವೇ. 6 ಅಂದರೆ ಪಾಲಿಸ್ಟೈರೀನ್, ಅದು ಬೇಡ. ಆದರೆ 5 ನೋಡಿದ ಕೂಡಲೇ ಧೈರ್ಯ ತಂದುಕೊಳ್ಳಬೇಡಿ, ‘ಮೈಕ್ರೋವೇವ್ ಸೇಫ್’ ಎಂಬ ಗುರುತೂ ಇರಬೇಕು. ಇದ್ದರೂ ಅದು ನೀರಿರುವ ಅಡುಗೆಗೆ ಒಪ್ಪುವ ಮಾತು. ನೀರು 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಎಣ್ಣೆ ಮತ್ತು ಸಕ್ಕರೆ ಪಾಕ ಅದನ್ನು ದಾಟಿ ಹೋಗುತ್ತವೆ. ಕೋಳಿ ಸುಕ್ಕ ಬಿಸಿಮಾಡಿದ ಡಬ್ಬಿಯಲ್ಲಿ ಎಣ್ಣೆ ನಿಂತಿದ್ದ ಮಟ್ಟಕ್ಕೆ ಸರಿಯಾಗಿ ಒರಟು ಬಳೆಯಂಥ ಗುರುತು ಬೀಳುತ್ತದಲ್ಲ, ಅಲ್ಲಿ ಪ್ಲಾಸ್ಟಿಕ್ ಕರಗಿದೆ ಎಂದೇ ಅರ್ಥ. ಅಂಥದ್ದು ಅಕ್ಕಿ-ಬೇಳೆ ತುಂಬಿಡಲೂ ಬೇಡ, ಮೊಳೆ-ಸ್ಕ್ರೂ ಇಡಲು ಸಾಕು. ಹೋಟೆಲ್ ಪಾರ್ಸೆಲ್ ಡಬ್ಬಿಯನ್ನು ತೊಳೆದು ತಿಂಗಳುಗಟ್ಟಲೆ ಬಿಸಿಮಾಡುವ ಅಭ್ಯಾಸವನ್ನೂ ಬಿಡಿ.

ಹೊಸದಾಗಿ ಕೊಳ್ಳುವವರಿಗೆ ನಮ್ಮ ಸಲಹೆ: ಮುಚ್ಚಳವಿರುವ, ದುಂಡನೆಯ ಬೊರೊಸಿಲಿಕೇಟ್ (ಶಾಖ ತಾಳುವ) ಗಾಜಿನ ಬೌಲ್ ಎರಡು, ಒಂದು ಸಣ್ಣದು, ಒಂದು ಎರಡೂವರೆ ಲೀಟರಿನದು. ಚೌಕ ಪಾತ್ರೆಯ ಮೂಲೆಗಳಲ್ಲಿ ಅಡುಗೆ ಒಣಗಿ, ನಡುಭಾಗ ತಣ್ಣಗೆ ಉಳಿಯುತ್ತದೆ. ಬಿಸಿ ಬೌಲನ್ನು ಒದ್ದೆ ಕಡಪಾ ಕಲ್ಲಿನ ಕಟ್ಟೆಯ ಮೇಲೆ ನೇರ ಇಡಬೇಡಿ, ಒಣ ಬಟ್ಟೆ ಹಾಸಿ.

ಇನ್ನು ಬಿಸಿಮಾಡುವ ಕ್ರಮ. ತರಂಗ ಆಹಾರದೊಳಗೆ ಕೆಲವೇ ಸೆಂಟಿಮೀಟರ್ ಇಳಿಯುತ್ತದೆ. ಆದ್ದರಿಂದ ಪಲ್ಯವನ್ನು ಗುಡ್ಡೆ ಹಾಕದೆ ಬಟ್ಟಲಿನ ಅಂಚಿಗೆ ಸರಿಸಿ, ನಡುವೆ ಗುಳಿ ಬಿಡಿ. ಅನ್ನಕ್ಕೆ ಒಂದು ಚಮಚ ನೀರು ಚಿಮುಕಿಸಿ. ಮುಚ್ಚಳವನ್ನು ಬಿಗಿಯಬೇಡಿ, ಹಬೆ ಹೋಗಲು ಸಂದಿ ಇರಲಿ. ಅರ್ಧ ಸಮಯಕ್ಕೆ ಒಮ್ಮೆ ಕಲಕಿ. ಮುಗಿದ ಮೇಲೆ ಎರಡು ನಿಮಿಷ ಹಾಗೇ ಬಿಡಿ, ಶಾಖ ಒಳಗೆ ಹರಡುತ್ತದೆ. 800 ವಾಟ್‌ನಲ್ಲಿ ಒಂದು ಬಟ್ಟಲು ಸಾರಿಗೆ ಎರಡು ನಿಮಿಷದಿಂದ ಶುರುಮಾಡಿ, ನಡುಭಾಗದಲ್ಲೂ ಹಬೆಯಾಡುವವರೆಗೆ ಮೂವತ್ತು ಸೆಕೆಂಡ್‌ಗಳಂತೆ ಹೆಚ್ಚಿಸಿ.

ಮಳೆಗಾಲದಲ್ಲಿ ಮೆತ್ತಗಾಗುವ ಹಪ್ಪಳಕ್ಕೆ ಎರಡು ಹನಿ ಎಣ್ಣೆ ಸವರಿ 40 ಸೆಕೆಂಡ್ ಇಡಿ. ಕಣ್ಣು ತಪ್ಪಿದರೆ ನಡುವೆ ಕರಕಲು. ಒಂದು ಕಪ್ ರವೆ ಹುರಿಯುವುದಾದರೆ ಒಂದು ಚಮಚ ತುಪ್ಪ ಬೆರೆಸಿ, ನಿಮಿಷಕ್ಕೊಮ್ಮೆ ಕಲಕುತ್ತ ಘಮ ಬರುವವರೆಗೆ ಸುಮಾರು ಮೂರು ನಿಮಿಷ. ಗಾಜಿನ ಬೌಲ್‌ನಲ್ಲೇ ಮಾಡಿ, ಪ್ಲಾಸ್ಟಿಕ್‌ನಲ್ಲಿ ಅಲ್ಲ. ಒಗ್ಗರಣೆಗೆ ಮಾತ್ರ ಗ್ಯಾಸ್ ಒಲೆಯೇ ಸರಿ. ಸಾಸಿವೆ ಸಿಡಿಯುವುದನ್ನು ಕಾಯುತ್ತ ಎಣ್ಣೆಯನ್ನು ಮೈಕ್ರೋವೇವ್‌ನಲ್ಲಿ ಬಿಡುವುದು ಅಪಾಯ.

ಸಿಪ್ಪೆಯಿರುವ ಮೊಟ್ಟೆ ಸಿಡಿಯುತ್ತದೆ, ಬೆಂದದ್ದಾದರೂ ಅಷ್ಟೇ. ಆಲೂಗಡ್ಡೆಯನ್ನು ಫೋರ್ಕ್‌ನಿಂದ ಏಳೆಂಟು ಕಡೆ ಚುಚ್ಚಿ. ನಯವಾದ ಕಪ್‌ನಲ್ಲಿ ನೀರು ಕುದಿಯದೆಯೇ ಕುದಿಬಿಂದು ದಾಟಬಹುದು, ಅದಕ್ಕೆ ಚಹಾಪುಡಿ ಹಾಕಿದರೆ ಮುಖಕ್ಕೇ ಉಕ್ಕುತ್ತದೆ. ಮೊದಲೇ ಅದರಲ್ಲಿ ಒಂದು ಮರದ ಚಮಚ ಇಟ್ಟಿರಿ.

ಸಂಜೆ ತಂದ ವಡಾಪಾವ್ ಆರಿದ್ದರೆ ಪತ್ರಿಕೆಯ ಕಾಗದವನ್ನು ಮೊದಲು ತೆಗೆಯಿರಿ, ಅದರ ಮಸಿ ತಿಂಡಿಗೆ ಹತ್ತುತ್ತದೆ. ಪಾವ್ ಬೇರೆ, ವಡೆ ಬೇರೆ ಮಾಡಿ. ವಡೆಗೆ 40 ಸೆಕೆಂಡ್, ಪಾವ್‌ಗೆ 10. ಪಾವ್ ಅದಕ್ಕಿಂತ ಹೆಚ್ಚು ಕಾದರೆ ಚಪ್ಪಲಿಯ ತೊಗಲಿನಂತೆ ಬಿಗಿಯುತ್ತದೆ.