ಬಚ್ಚಲು ಮೊದಲು, ಕೋಣೆ ಆಮೇಲೆ

ಪಂಚಕರ್ಮಕ್ಕೆ, ಅಂದರೆ ದೇಹ ಶುದ್ಧಿಯ ಆಯುರ್ವೇದ ಚಿಕಿತ್ಸೆಗೆ, ಬರುವವರಿಗೆ ಕಾಡಂಚಿನಲ್ಲಿ ಉಳಿಯುವ ಜಾಗ ಕಟ್ಟಬೇಕು ಅಂತ ಈಚೆಗೆ ಕೆಲವರು ನಮ್ಮಲ್ಲಿಗೆ ನೋಡಲು ಬರುತ್ತಾರೆ. ಕೋಣೆ ತೋರಿಸಿ ಅನ್ನುತ್ತಾರೆ. ನಾನು ಸೀದಾ ಬಚ್ಚಲಿನ ಹಿಂದೆ ಕರೆದುಕೊಂಡು ಹೋಗಿ ಮೂರು ಸಿಮೆಂಟ್ ತೊಟ್ಟಿಗಳ ಮುಚ್ಚಳ ತೆಗೆಯುತ್ತೇನೆ. ಮೂಗು ಮುಚ್ಚಿಕೊಳ್ಳುತ್ತಾರೆ. ಪರವಾಗಿಲ್ಲ. ಅದನ್ನು ನೋಡದೆ ಹೋದವರು ಆಮೇಲೆ ಫೋನ್ ಮಾಡೇ ಮಾಡುತ್ತಾರೆ.

ನಮ್ಮ ಊರು ಶಿರಸಿಗೂ ಸಿದ್ದಾಪುರಕ್ಕೂ ನಡುವೆ. ಎರಡೂವರೆ ಎಕರೆ ಅಡಿಕೆ ತೋಟ, ಅದರ ನೆತ್ತಿಯ ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು. ಹೆಂಡತಿ ಆಯುರ್ವೇದ ವೈದ್ಯೆ. ಪೇಟೆಯ ಕ್ಲಿನಿಕ್‌ನಲ್ಲಿ ಅವಳು ಹಣೆಯ ಮೇಲೆ ಎಣ್ಣೆ ಧಾರೆ ಬಿಡುವ ಶಿರೋಧಾರೆ ಮಾಡಿ ಕಳಿಸಿದವರು ಅದೇ ಎಣ್ಣೆ ತಲೆಯಲ್ಲಿ ಬಸ್ಸಿನ ಕಿಟಕಿಗೆ ಕೂತು, ಗಾಳಿ ಕುಡಿಯುತ್ತ ಮನೆಗೆ ಹೋಗಿ, ಸಂಜೆ ಮಿರ್ಚಿ ಭಜಿ ತಿನ್ನುತ್ತಿದ್ದರು. 'ಇವರನ್ನು ಹದಿನೈದು ದಿನ ಕಣ್ಣೆದುರು ಇಟ್ಟುಕೊಳ್ಳದೆ ಏನೂ ಆಗುವುದಿಲ್ಲ' ಅಂದಳು. ಶುರುವಾದದ್ದು ಅಲ್ಲಿಂದ.

ಮೊದಲ ಕಟ್ಟಡ ಪೂರ್ತಿ ನನ್ನ ತಲೆಯದು. ನಾಲ್ಕು ರೆಸಾರ್ಟ್ ಸುತ್ತಿ ಬಂದಿದ್ದೆ. ಮನೆಯಿಂದ ತೊಂಬತ್ತು ಹೆಜ್ಜೆ ದೂರ, ದಿಬ್ಬದ ಮೇಲೆ ಎರಡು ಕಾಟೇಜು. ಕಣಿವೆ ಕಾಣಲಿ ಅಂತ ಒಂದು ಗೋಡೆ ಪೂರಾ ಗಾಜು. ಮೇಲೆ ಬಣ್ಣದ ಶೀಟು. ಎರಡಕ್ಕೂ ಸೇರಿ ನಡುವೆ ಒಂದೇ ಶೌಚಾಲಯ, ಅದೂ ಹೊರಗೆ. ಫೋಟೋದಲ್ಲಿ ಚೆಂದ ಬಂದಿತ್ತು, ಅದರಲ್ಲಿ ಮಾತಿಲ್ಲ.

ಆಷಾಢದಲ್ಲಿ ಮೊದಲ ಅತಿಥಿ ಬಂದರು. ಮಂಡಿನೋವಿನ ಹಿರಿಯರು. ಏಳು ದಿನದ ತುಪ್ಪ ಕುಡಿಯುವುದು, ಎಣ್ಣೆ, ಬೆವರು ಎಲ್ಲ ಮುಗಿದು ವಿರೇಚನದ ದಿನ ಬಂತು. ವಿರೇಚನ ಅಂದರೆ ಭೇದಿಗೆ ಔಷಧಿ. ಹತ್ತು ಸಲ ಆದರೆ ಕನಿಷ್ಠ ಶುದ್ಧಿ, ಇಪ್ಪತ್ತು ಮಧ್ಯಮ, ಮೂವತ್ತು ಉತ್ತಮ ಅಂತ ಶಾಸ್ತ್ರದ ಲೆಕ್ಕ. ಈ ಲೆಕ್ಕವನ್ನು ಹೆಂಡತಿ ನನಗೆ ಹಿಂದೆಯೂ ಹೇಳಿದ್ದಳು. ಆದರೆ ಕಾಟೇಜಿನ ನಕ್ಷೆ ಹಾಕುವಾಗ ಅದು ನನ್ನ ತಲೆಗೆ ಹೋಗಿರಲಿಲ್ಲ. ಹೊರಗೆ ಜಡಿಮಳೆ. ಆ ಮನುಷ್ಯ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪಂಚೆ ಹಿಡಿದು ಓಡಾಡಿದರು. ಹನ್ನೊಂದನೇ ಸಲ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಪುಣ್ಯ. ಕೆಳಗೆ ಮನೆಯಲ್ಲಿ ನಮಗೆ ಕೇಳಲೂ ಇಲ್ಲ. ಶೀಟಿನ ಮೇಲೆ ಮಳೆ ಬೀಳುವ ಸದ್ದಿಗೆ ಅವರ ಕೂಗು ಮುಳುಗಿಹೋಗಿತ್ತು.

ಆ ರಾತ್ರಿ ಹೆಂಡತಿ ಚರಕಸಂಹಿತೆ ತೆಗೆದು ಸೂತ್ರಸ್ಥಾನದ 15ನೇ ಅಧ್ಯಾಯ ಓದಿ ಹೇಳಿದಳು. ಚಿಕಿತ್ಸೆಗೆ ಮುಂಚೆ ಮನೆ ಹೇಗಿರಬೇಕು ಅಂತ ಅಲ್ಲಿದೆ. ಗಟ್ಟಿಯಾಗಿರಬೇಕು. ಗಾಳಿ ಹೊಡೆಯಬಾರದು, ಆದರೆ ಒಂದು ಕಡೆಯಿಂದ ಆಡಬೇಕು. ಸಲೀಸಾಗಿ ಓಡಾಡುವಂತಿರಬೇಕು. ಹೊಗೆ, ಬಿಸಿಲು, ಧೂಳು, ಬೇಡದ ಸದ್ದು, ಬೇಡದ ವಾಸನೆ ಬರಬಾರದು. ನೀರು, ಒರಳು-ಒನಕೆ, ಶೌಚದ ಜಾಗ, ಸ್ನಾನದ ಜಾಗ, ಅಡುಗೆಮನೆ ಅದರಲ್ಲೇ ಇರಬೇಕು. ಕಣಿವೆಯ ನೋಟದ ಬಗ್ಗೆ ಒಂದು ಅಕ್ಷರವೂ ಇಲ್ಲ.

ಅಮ್ಮ ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೇಳಿಸಿಕೊಂಡಳು. 'ಇದಕ್ಕೆ ಪುಸ್ತಕ ಯಾಕೆ? ಬಾಣಂತಿ ಕೋಣೆ ಅಲ್ವಾ ಇದು' ಅಂದಳು.

ಹೌದಲ್ಲ! ನಮ್ಮ ಹಳೇ ಮನೆಯಲ್ಲಿ ಬಾಣಂತಿ ಕೋಣೆ ಬಚ್ಚಲಿಗೆ ಅಂಟಿಕೊಂಡೇ ಇದೆ. ಚಿಕ್ಕ ಕಿಟಕಿ, ಮಬ್ಬು ಬೆಳಕು, ಬೆಚ್ಚಗಿನ ಗೋಡೆ. ಎಣ್ಣೆ ಹಚ್ಚಿಸಿಕೊಂಡು ನಾಲ್ಕು ಹೆಜ್ಜೆ ಹಾಕಿದರೆ ಹಂಡೆ ನೀರು. ಮಿಂದು ನಾಲ್ಕು ಹೆಜ್ಜೆ ಹಾಕಿದರೆ ಹಾಸಿಗೆ. ಕರೆದರೆ ಓಗೊಡುವಷ್ಟು ಹತ್ತಿರದಲ್ಲಿ ಯಾರಾದರೊಬ್ಬರು. ನಾನು ಹುಟ್ಟಿದ್ದು ಅದೇ ಕೋಣೆಯಲ್ಲಿ. ರೆಸಾರ್ಟ್ ಸುತ್ತುವ ಬದಲು ಅದರೊಳಗೆ ಒಂದು ಗಳಿಗೆ ಕೂತಿದ್ದರೆ ಸಾಕಿತ್ತು.

ಎರಡನೇ ಸಲ ಕಟ್ಟುವಾಗ ಗೆರೆ ಎಳೆಯಲು ಶುರುಮಾಡಿದ್ದೇ ಹಂಡೆಯ ಒಲೆಯಿಂದ. ನಡುವೆ ಒಲೆ, ಅದರ ಸುತ್ತ ಬೆನ್ನಿಗೆ ಬೆನ್ನು ಕೊಟ್ಟು ಬಚ್ಚಲುಗಳು, ಬಚ್ಚಲಿಗೆ ಅಂಟಿಕೊಂಡು ಐದು ಕೋಣೆ, ಎಲ್ಲಕ್ಕೂ ಮುಂದೆ ಉದ್ದ ಒಂದೇ ಜಗಲಿ. ಕೊಳವೆ ಉದ್ದವಾದಷ್ಟೂ ಬಿಸಿನೀರು ದಾರಿಯಲ್ಲೇ ತಣಿಯುತ್ತದೆ, ಅದಕ್ಕೆ ಈ ಗುಂಪು. ಸೋಲಾರ್ ಹಾಕಿಸಿ ಅಂತ ತುಂಬ ಜನ ಹೇಳಿದರು. ಮಳೆಗಾಲದಲ್ಲಿ, ಅದೂ ಮರಗಳ ನೆರಳಲ್ಲಿ ಸೋಲಾರ್ ಏನು ಬಿಸಿಯಾದೀತು? ಅಡಿಕೆ ಸಿಪ್ಪೆ, ಒಣಗಿದ ಸೋಗೆ, ಹಾಳೆ ತೋಟದಲ್ಲೇ ಸಿಗುತ್ತದೆ. ಕರೆಂಟು ಮೂರು ದಿನ ಹೋದರೂ ಹಂಡೆ ಕುದಿಯುತ್ತದೆ. ಬೆವರಿಳಿಸುವ ಸ್ವೇದನದ ಪೆಟ್ಟಿಗೆಗೆ ಹಬೆ ಹೋಗುವುದೂ ಅದೇ ಒಲೆಯ ಪಕ್ಕದಿಂದ.

ಗೋಡೆ ಚಿರೆಕಲ್ಲಿನದು. ಮೇಲೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಶುರುಮಾಡಿದ ಹೆಂಚಿನ ಕಾರ್ಖಾನೆಯ ಉಪಕಾರ ಈಗಲೂ ನಮ್ಮ ತಲೆಯ ಮೇಲಿದೆ ಅನ್ನಬೇಕು. ಹೆಂಚಿನ ಮೇಲೆ ಮಳೆ ಬಿದ್ದರೆ ಜೋಗುಳ, ಶೀಟಿನ ಮೇಲೆ ಬಿದ್ದರೆ ಚಂಡೆ. ಒಂದೇ ತೊಂದರೆ, ಮಂಗಗಳು. ಹೆಂಚು ಎತ್ತಿ ಇಣುಕುತ್ತವೆ, ಎಸೆದು ಒಡೆಯುತ್ತವೆ. ಅದಕ್ಕೆ ಒಳಗಡೆ ಹಲಗೆಯ ಮುಚ್ಚಿಗೆ ಹೊಡೆಸಿದೆ. ಹೆಂಚು ಒಡೆದರೂ ಹಾಸಿಗೆಗೆ ನೀರಿಲ್ಲ.

ಪ್ರತಿ ಕೋಣೆಗೂ ಅದರದೇ ಕಮೋಡು. ಅದರ ಪಕ್ಕ ಹಿಡಿದುಕೊಳ್ಳಲು ಸರಳು, ನೆಲಕ್ಕೆ ಒರಟು ಕಡಪ ಕಲ್ಲು. ಎಣ್ಣೆ ಕಾಲಿಗೆ ನುಣುಪು ಟೈಲ್ಸ್ ಹಾಕುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಹಾಸಿಗೆಯ ತಲೆಯ ಹತ್ತಿರ ಒಂದು ಹಿತ್ತಾಳೆ ಗಂಟೆ ಕಟ್ಟಿದ್ದೇವೆ. ಕಾಲಿಂಗ್ ಬೆಲ್ಲಿಗೆ ಕರೆಂಟು ಬೇಕಲ್ಲ.

ಈಗ ಆ ಮೂರು ತೊಟ್ಟಿಯ ವಿಷಯ. ಅಭ್ಯಂಗ, ಅಂದರೆ ಮೈಗೆಲ್ಲ ಎಣ್ಣೆ ತಿಕ್ಕಿಸಿಕೊಂಡವರು ಸೋಪು ಹಚ್ಚುವುದಿಲ್ಲ. ಹೆಸರುಹಿಟ್ಟು ಉಜ್ಜುತ್ತಾರೆ, ತಲೆಗೆ ದಾಸವಾಳ ಸೊಪ್ಪು ಕಿವುಚಿದ ಲೋಳೆ, ಅಂದರೆ ಗೊಂಪು. ಎಣ್ಣೆ, ಹಿಟ್ಟು, ಗೊಂಪು ಮೂರೂ ಕೊಳವೆಯೊಳಗೆ ಸೇರಿದರೆ ಗಾರೆಯ ಹಾಗೆ ಕಚ್ಚಿಕೊಳ್ಳುತ್ತದೆ. ಮೊದಲ ವರ್ಷ ಈ ನೀರನ್ನೂ ಶೌಚದ ಗುಂಡಿಗೇ ಬಿಟ್ಟಿದ್ದೆ. ಎರಡೇ ತಿಂಗಳಲ್ಲಿ ಎಲ್ಲ ಕಟ್ಟಿಕೊಂಡು ನೀರು ಹಿಂದಕ್ಕೆ ಬಂತು. ಶೌಚದ ಗುಂಡಿಯಲ್ಲಿ ಕೊಳೆಸುವ ಕೆಲಸ ಮಾಡುವ ಜೀವಾಣುಗಳಿಗೂ ಎಣ್ಣೆಯ ಪದರ ಆಗಿಬರುವುದಿಲ್ಲ.

ಈಗ ಬಚ್ಚಲಿನ ನೀರು ಬೇರೆ. ಮೊದಲು ಒಂದು ಜಾಲರಿ, ಮೇಲೆ ತೆಂಗಿನ ನಾರು. ಕೂದಲು, ಗೊಂಪು ಅಲ್ಲಿ ನಿಲ್ಲುತ್ತದೆ. ಆಮೇಲೆ ತೊಟ್ಟಿ. ಹಿಟ್ಟು ತಳಕ್ಕೆ ಕೂರುತ್ತದೆ, ಎಣ್ಣೆ ಮೇಲೆ ತೇಲುತ್ತದೆ. ಮುಂದಿನ ತೊಟ್ಟಿಗೆ ಹೋಗುವ ಕೊಳವೆಯ ಬಾಯಿ ನೀರಿನೊಳಗೆ ಒಂದಡಿ ಮುಳುಗಿರಬೇಕು, ಆಗ ಮೇಲಿನ ಎಣ್ಣೆ ದಾಟುವುದಿಲ್ಲ. ಗುಟ್ಟು ಇಷ್ಟೇ. ಮೂರನೇ ತೊಟ್ಟಿಯಿಂದ ಹೊರಬಂದ ನೀರು ಬಾಳೆ ಬುಡಕ್ಕೆ. ಪ್ರತಿ ಶನಿವಾರ ಮೇಲಿನ ಎಣ್ಣೆ ತೆಗೆದು ಅಡಿಕೆ ಸಿಪ್ಪೆಗೆ ಕಲಸಿ ಒಲೆಗೆ ಹಾಕುತ್ತೇವೆ. ಒಂದು ಶನಿವಾರ ತಪ್ಪಿದರೆ ಜಗಲಿಯವರೆಗೂ ನಾತ.

ಬಟ್ಟೆಯ ಕಥೆ ಇದಕ್ಕಿಂತ ದೊಡ್ಡದು. ಕೇರಳದವರು ಮಳೆಗಾಲದ ಕರ್ಕಾಟಕ ಮಾಸದಲ್ಲಿ ಮಾಡಿಸಿಕೊಳ್ಳುವ ಚಿಕಿತ್ಸೆ ಇದ್ದ ಹಾಗೆ ನಮ್ಮಲ್ಲೂ ಮಳೆಗಾಲದಲ್ಲೇ ಜನ ಜಾಸ್ತಿ. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಬಟ್ಟೆ ಒಣಗುವುದುಂಟೇ? ದಿಂಬಿಗೆ ಬೂಷ್ಟು, ಹಾಸಿಗೆಗೆ ಬೂಷ್ಟು, ಕನ್ನಡಕದ ಪೆಟ್ಟಿಗೆಗೂ ಬೂಷ್ಟು. ದಿನಕ್ಕೆ ಹದಿನೈದು ಎಣ್ಣೆ ಟವೆಲು. ಆಗ ಹೊಳೆದದ್ದು ಅಡಿಕೆ ಒಣಗಿಸುವ ಡ್ರೈಯರ್. ಸುಗ್ಗಿ ಮುಗಿದ ಮೇಲೆ ಅದು ಸುಮ್ನೆ ಖಾಲಿ ಬಿದ್ದಿರುತ್ತದೆ. ಹಗ್ಗ ಕಟ್ಟಿ ಬಟ್ಟೆ ಹಾಕಿದೆವು. ಮೂರು ಗಂಟೆಯಲ್ಲಿ ಹಪ್ಪಳದ ಹಾಗೆ ಒಣಗಿತು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಒಂದು ಸಂಜೆ ಬಿಸಿ ಬಿಸಿ ಟವೆಲುಗಳನ್ನು ಮಡಚಿ ಬಿದಿರು ಬುಟ್ಟಿಗೆ ಒತ್ತಿ ತುಂಬಿ ಮಲಗಿದೆವು. ರಾತ್ರಿ ಎರಡರ ಸುಮಾರಿಗೆ ನಾಯಿ ಬೊಗಳಿತು. ನೋಡಿದರೆ ಬುಟ್ಟಿಯಿಂದ ಹೊಗೆ. ಹತ್ತಿರದಲ್ಲಿ ಬೆಂಕಿ ಇಲ್ಲ, ದೀಪ ಇಲ್ಲ. ರಾಶಿಯ ಮಧ್ಯದ ಟವೆಲು ಕರಕಲಾಗಿತ್ತು. ಅಮ್ಮ ದೃಷ್ಟಿ ಅಂದಳು. ಕಾರಣ ಆಮೇಲೆ ಗೊತ್ತಾಯಿತು. ಒಗೆದರೂ ಉಳಿಯುವ ಎಳ್ಳೆಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರುವಾಗ ಬಿಸಿ ಹುಟ್ಟಿಸುತ್ತದೆ. ಹರಡಿದ್ದರೆ ಆ ಬಿಸಿ ಹಾರಿಹೋಗುತ್ತದೆ. ಒತ್ತಿ ರಾಶಿ ಹಾಕಿದರೆ ಒಳಗೇ ಕೂತು, ಬೆಳೆದು, ತಾನಾಗಿ ಹೊತ್ತಿಕೊಳ್ಳುತ್ತದೆ. ಆಗಿನಿಂದ ಟವೆಲನ್ನು ವಾಷಿಂಗ್ ಸೋಡಾ ಹಾಕಿದ ಕುದಿನೀರಲ್ಲಿ ನೆನೆಸಿ ಒಗೆಯುತ್ತೇವೆ. ಪೂರ್ತಿ ತಣ್ಣಗಾಗುವವರೆಗೆ ಮಡಚುವುದಿಲ್ಲ. ಒಣಗಿದ ಮೇಲೂ ಎಣ್ಣೆ ಕಮಟು ಹೊಡೆಯುವ ಟವೆಲು ಮತ್ತೆ ಬಳಕೆಗಿಲ್ಲ.

ಅಡುಗೆಮನೆ ದೂರ ಹೋದದ್ದು ಹಲಸಿನ ಹಪ್ಪಳದಿಂದ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಔಷಧಿ ತುಪ್ಪ ಕುಡಿದವರಿಗೆ ಚೆನ್ನಾಗಿ ಹಸಿಯುವ ತನಕ ಊಟವಿಲ್ಲ. ಕೆಲವರಿಗೆ ವಾಕರಿಕೆ ಬೇರೆ. ವಿರೇಚನ ಆದವರಿಗೆ ಶುದ್ಧಿ ನೋಡಿಕೊಂಡು ಮೂರೋ ಐದೋ ಏಳೋ ದಿನ ಕ್ರಮದ ಊಟ. ಮೊದಲು ತೆಳು ಗಂಜಿ, ಆಮೇಲೆ ದಪ್ಪ ಗಂಜಿ, ಆಮೇಲೆ ಹೆಸರುಕಟ್ಟು. ಇತ್ತ ನಮ್ಮ ಮನೆಯಲ್ಲಿ ಹೊರಗೆ ಮಳೆ ಅಂತ ಹಪ್ಪಳ ಕರಿದು, ಅಪ್ಪೆಹುಳಿಗೆ ಇಂಗಿನ ಒಗ್ಗರಣೆ ಹಾಕಿದರೆ? ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಹುಡುಗ ಗಂಜಿ ಬಟ್ಟಲು ಹಿಡಿದುಕೊಂಡು ನಮ್ಮ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತೇಬಿಟ್ಟ. ಮಾತಾಡಲಿಲ್ಲ, ಸುಮ್ನೆ ನಿಂತ. ಆಗ ಚರಕರ 'ಬೇಡದ ವಾಸನೆ' ನನಗೆ ಅರ್ಥವಾಯಿತು. ಈಗ ಪಥ್ಯದ ಅಡುಗೆಗೆ ಬೇರೆ ಒಲೆ. ನಮ್ಮ ಒಗ್ಗರಣೆ ಮನೆಯ ಆಚೆ ಬದಿಯಲ್ಲಿ.

ಕಾಡಿನ ಬಗ್ಗೆ ಕೇಳುವವರು ಹುಲಿ, ಚಿರತೆ ಅನ್ನುತ್ತಾರೆ. ನಾವು ಚಿಂತೆ ಮಾಡುವುದು ದೀಪದ ಬಗ್ಗೆ. ಬಾಗಿಲ ಮೇಲೆ ಬಿಳಿ ದೀಪ ಹಾಕಿದರೆ ಹುಳ ಬರುತ್ತದೆ, ಹುಳಕ್ಕೆ ಕಪ್ಪೆ, ಕಪ್ಪೆಗೆ ಹಾವು. ಅದಕ್ಕೆ ದೀಪ ಬಾಗಿಲಿಂದ ದೂರ, ಹಳದಿ ಬಣ್ಣದ್ದು. ಬಾಗಿಲಡಿಯ ಸಂದಿಗೆ ರಬ್ಬರ್ ಪಟ್ಟಿ. ಉಂಬಳಕ್ಕೆ, ಅಂದರೆ ನೆಲದ ಜಿಗಣೆಗೆ, ಜಗಲಿಯ ಮೆಟ್ಟಿಲಲ್ಲಿ ಉಪ್ಪಿನ ಡಬ್ಬಿ. ರಕ್ತ ಹೀರಿಸುವ ಚಿಕಿತ್ಸೆ ಇದೆಯಲ್ಲ, ಇದು ಪುಕ್ಕಟೆಯೇ ಅಂತ ಒಬ್ಬರು ಕೇಳಿದ್ದರು. ಅಲ್ಲ, ಆ ಚಿಕಿತ್ಸೆಗೆ ನೀರಿನ ಜಿಗಣೆ ಬೇಕು.

ನಗಲಾಗದ ವಿಷಯ ಅಂದರೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ್ದು, ನಮ್ಮಿಂದ ದೂರವೇನಲ್ಲ. ಡಿಸೆಂಬರ್‌ನಿಂದ ಮೇವರೆಗೆ ಹೆಚ್ಚು. ದರಕಿನಲ್ಲಿ, ಅಂದರೆ ಉದುರಿದ ಒಣ ಎಲೆಯಲ್ಲಿ, ಇರುವ ಉಣುಗು (ಉಣ್ಣೆ) ಕಚ್ಚಿದರೆ ಬರುತ್ತದೆ. ಆ ತಿಂಗಳುಗಳಲ್ಲಿ ನಾವು ಅತಿಥಿಗಳನ್ನು ಬೆಟ್ಟಕ್ಕೆ ಕಳಿಸುವುದಿಲ್ಲ. ಕೋಣೆಗಳ ಸುತ್ತ ದರಕು ಗುಡಿಸಿ ತೆಗೆಯುತ್ತೇವೆ. ತೋಟಕ್ಕಿಳಿಯುವವರು ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು. ಸತ್ತ ಮಂಗ ಕಂಡರೆ ಯಾರೂ ಹತ್ತಿರ ಹೋಗುವ ಹಾಗಿಲ್ಲ, ಆರೋಗ್ಯ ಕೇಂದ್ರಕ್ಕೆ ಫೋನ್. ಬುಕಿಂಗ್ ಮಾಡುವಾಗಲೇ ಇದನ್ನೆಲ್ಲ ಹೇಳುತ್ತೇವೆ. ಹೆದರಿ ಬರದವರೂ ಇದ್ದಾರೆ, ಇರಲಿ.

ಕಾಗದಪತ್ರದ ಬಗ್ಗೆ ಎರಡು ಮಾತು. ಬೆಟ್ಟದಲ್ಲಿ ಸೊಪ್ಪು, ದರಕು ತರುವ ಹಕ್ಕು ಮಾತ್ರ ನಮ್ಮದು, ಅಲ್ಲಿ ಕಟ್ಟಡ ಎಬ್ಬಿಸುವ ಹಾಗಿಲ್ಲ. ಕೋಣೆ ಕಟ್ಟಿದ್ದು ನಮ್ಮ ಹೆಸರಿನಲ್ಲಿರುವ, ಕೃಷಿಯೇತರ ಮಾಡಿಸಿದ ಜಾಗದಲ್ಲಿ. ಚಿಕಿತ್ಸೆ ಕೊಡುವುದರಿಂದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕೆಪಿಎಂಇ ಕಾಯ್ದೆಯಡಿ ನೋಂದಣಿಯೂ ಬೇಕು. ಉಳಿದದ್ದು ನಿಮ್ಮ ತಾಲ್ಲೂಕಿನಲ್ಲೇ ವಿಚಾರಿಸಿ.

ದಿಬ್ಬದ ಮೇಲಿನ ಎರಡು ಕಾಟೇಜು ಈಗಲೂ ಇವೆ. ಒಂದರಲ್ಲಿ ಅಡಿಕೆ ಮೂಟೆ. ಇನ್ನೊಂದರ ಗಾಜಿನ ಗೋಡೆಗೆ ಮಂಗಗಳು ತಮ್ಮ ಮುಖ ನೋಡಿಕೊಂಡು ಗುರ್ ಅನ್ನುತ್ತವೆ. ಮೊನ್ನೆ ಆ ಮಂಡಿನೋವಿನ ಹಿರಿಯರು ಫೋನ್ ಮಾಡಿದ್ದರು. ಆಷಾಢಕ್ಕೆ ಹೆಂಡತಿಯನ್ನೂ ಕರೆದುಕೊಂಡು ಬರುತ್ತಾರಂತೆ. ಒಲೆಗೆ ಹತ್ತಿರದ ಕೋಣೆಯೇ ಬೇಕಂತೆ. ಅದರ ಬಚ್ಚಲಿನ ಸರಳು ಸ್ವಲ್ಪ ಸಡಿಲಾಗಿದೆ. ನಾಳೆ ಬಡಗಿಯನ್ನು ಕರೆಸಬೇಕು.