ಕಂಪ್ಯೂಟರ್ ಸೈನ್ಸ್ ಮೈನರ್: ಮೊದಲ ಸೆಮಿಸ್ಟರಿನಲ್ಲಿ ಎಡವದಿರಲು

ಕೇರಳದ ವಿಶ್ವವಿದ್ಯಾಲಯಗಳಲ್ಲಿ 2024ರಿಂದ ನಾಲ್ಕು ವರ್ಷಗಳ ಪದವಿ ಜಾರಿಗೆ ಬಂದ ಮೇಲೆ, ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳಲ್ಲಿಯೂ ವಾಣಿಜ್ಯವನ್ನೋ ಗಣಿತವನ್ನೋ ಅರ್ಥಶಾಸ್ತ್ರವನ್ನೋ ಮೇಜರ್ (ಮುಖ್ಯ ವಿಷಯ) ಆಗಿ ಓದುತ್ತ ಕಂಪ್ಯೂಟರ್ ಸೈನ್ಸನ್ನು ಮೈನರ್ (ಪೂರಕ ವಿಷಯ) ಆಗಿ ಆರಿಸಿಕೊಳ್ಳುವ ಒಲವು ಹೆಚ್ಚಿದೆ. ಹೀಗೆ ಉತ್ಸಾಹದಿಂದ ಸೇರಿದವರಲ್ಲಿ ಹಲವರು ಮೊದಲ ಸೆಮಿಸ್ಟರ್ ಮುಗಿಯುವ ಮುನ್ನವೇ ಕೈಚೆಲ್ಲುವುದನ್ನು ಕಂಡಿದ್ದೇನೆ. ಅವರಿಗೆ ಬುದ್ಧಿ ಸಾಲದೆ ಹೋದದ್ದಲ್ಲ; ಪ್ರೋಗ್ರಾಮನ್ನು ಓದುವ ಕ್ರಮವನ್ನು ಅವರಿಗೆ ಯಾರೂ ಕೂತು ತೋರಿಸಿರಲಿಲ್ಲ.

ಮೊದಲು ನಿಯಮಾವಳಿಯನ್ನು ಓದಿಕೊಳ್ಳಬೇಕು. ಕೇರಳದ ಈ ವ್ಯವಸ್ಥೆಯಲ್ಲಿ ಮೂರು ವರ್ಷದ ಪದವಿಗೆ 133 ಕ್ರೆಡಿಟ್, ನಾಲ್ಕು ವರ್ಷದ ಆನರ್ಸ್‌ಗೆ 177 ಕ್ರೆಡಿಟ್ ಬೇಕು. ಮೈನರ್ ಕೋರ್ಸುಗಳು ಬಹುಮಟ್ಟಿಗೆ ಮೊದಲ ಮೂರು ಸೆಮಿಸ್ಟರ್‌ಗಳಲ್ಲೇ ಬರುವುದರಿಂದ, ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯ, ಎರಡನೆಯದರಲ್ಲಿ ಇನ್ನೊಂದು ಎಂದು ಮನಬಂದಂತೆ ಆರಿಸಿದರೆ ಕಂಪ್ಯೂಟರ್ ಸೈನ್ಸ್ ಮೈನರ್ ಎಂದು ಕರೆಸಿಕೊಳ್ಳುವಷ್ಟು ಕ್ರೆಡಿಟ್ ಕೊನೆಗೆ ಕೂಡದು. ಆದ್ದರಿಂದ ಮೂರೂ ಸೆಮಿಸ್ಟರ್‌ಗಳ ಕೋರ್ಸುಗಳನ್ನು ಒಂದೇ ಹಾಳೆಯಲ್ಲಿ ಬರೆದು, ಯಾವುದಕ್ಕೆ ಯಾವುದು ಪೂರ್ವಸಿದ್ಧತೆ ಎಂಬುದನ್ನು ಗುರುತಿಸಿಕೊಂಡು, ಅರ್ಜಿ ತುಂಬಲು ಅಕ್ಷಯ ಕೇಂದ್ರಕ್ಕೆ ಹೋಗುವಾಗ ಆ ಹಾಳೆಯನ್ನು ಜೊತೆಗೆ ಒಯ್ಯಿರಿ. ತಲಪಾಡಿ ದಾಟಿ ಮಂಗಳೂರಿನ ಕಾಲೇಜು ಸೇರುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ; ಕರ್ನಾಟಕವು 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿದೆ.

ಬಳಿಕ ಸಮಯದ ಲೆಕ್ಕ. ಒಂದು ಕ್ರೆಡಿಟ್ ಎಂದರೆ 15 ಗಂಟೆಯ ಪಾಠ ಅಥವಾ 30 ಗಂಟೆಯ ಲ್ಯಾಬ್. ಮೂರು ಕ್ರೆಡಿಟ್ ಪಾಠ, ಒಂದು ಕ್ರೆಡಿಟ್ ಲ್ಯಾಬ್ ಇರುವ ಕೋರ್ಸು ಸೆಮಿಸ್ಟರಿಗೆ 75 ಗಂಟೆ ಬೇಡುತ್ತದೆ. ಮನೆಯ ಅಭ್ಯಾಸ ಇದಕ್ಕೆ ಹೊರತು.

ಇನ್ನು ಹೆಚ್ಚಿನವರು ಎಡವುವ ಜಾಗಕ್ಕೆ ಬರೋಣ. ಲ್ಯಾಬಿನಲ್ಲಿ ಕೊಟ್ಟ ಪ್ರೋಗ್ರಾಮನ್ನು ಪದ್ಯದಂತೆ ಬಾಯಿಪಾಠ ಮಾಡಿ, ಹಿರಿಯರ ರೆಕಾರ್ಡ್ ಪುಸ್ತಕವನ್ನು ನಕಲು ಮಾಡಿ ಒಪ್ಪಿಸಿದವರು, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಒಂದು ಸಂಖ್ಯೆ ಬದಲಿಸಿ ಕೇಳಿದ ಕೂಡಲೇ ತಬ್ಬಿಬ್ಬಾಗುತ್ತಾರೆ. ಇದಕ್ಕೆ ಮದ್ದು ಕಂಪ್ಯೂಟರನ್ನು ಮುಟ್ಟುವ ಮೊದಲು ಕಾಗದದ ಮೇಲೆ ಪ್ರೋಗ್ರಾಮನ್ನು ನಡೆಸಿ ನೋಡುವುದು. 1ರಿಂದ 5ರ ತನಕದ ಸಂಖ್ಯೆಗಳನ್ನು ಲೂಪ್ (ಷರತ್ತು ನಿಜವಿರುವ ತನಕ ಅದೇ ಸಾಲುಗಳನ್ನು ಮತ್ತೆ ಮತ್ತೆ ನಡೆಸುವ ಕ್ರಮ) ಬಳಸಿ ಕೂಡಿಸುವ ಸರಳ ಪ್ರೋಗ್ರಾಮನ್ನೇ ತೆಗೆದುಕೊಳ್ಳಿ. ಹಾಳೆಯಲ್ಲಿ ಎರಡು ಕಂಬಸಾಲುಗಳನ್ನು ಎಳೆದು, ಒಂದಕ್ಕೆ ‘ಐ’ (ಪ್ರತಿ ಸುತ್ತಿಗೂ ಒಂದೊಂದು ಹೆಚ್ಚುವ ಸಂಖ್ಯೆ), ಇನ್ನೊಂದಕ್ಕೆ ‘ಮೊತ್ತ’ ಎಂದು ಹೆಸರು ಕೊಡಿ. ಆರಂಭದಲ್ಲಿ ಮೊತ್ತ 0. ಐ 1 ಆದಾಗ ಮೊತ್ತ 1, ಐ 2 ಆದಾಗ 3, ಮುಂದೆ 6, 10, ಕೊನೆಗೆ 15. ಹಲವರು ಇಲ್ಲಿಗೇ ಪೆನ್ನು ಕೆಳಗಿಡುತ್ತಾರೆ. ಆದರೆ ಆ ಬಳಿಕ ಐ 6 ಆಗುತ್ತದೆ, ‘5ಕ್ಕಿಂತ ಹೆಚ್ಚಿಲ್ಲ’ ಎಂಬ ಷರತ್ತು ಸುಳ್ಳಾಗುತ್ತದೆ, ಆಗ ಮಾತ್ರ ಲೂಪ್ ನಿಲ್ಲುತ್ತದೆ. ಆ ಕೊನೆಯ ಸಾಲನ್ನೂ ಬರೆಯಲೇಬೇಕು. ಲೂಪ್ ಮುಗಿದ ಮೇಲೆ ಐಯ ಬೆಲೆ ಎಷ್ಟು ಎಂದು ಕೇಳಿದರೆ 5 ಎಂದು ಹೇಳುವವರು ಬರೆಯದೆ ಬಿಟ್ಟದ್ದು ಈ ಸಾಲನ್ನೇ.

ಇದೇ ರೀತಿ, 25, 26, 26 ಅಂಕಗಳ ಸರಾಸರಿ ತೆಗೆಯುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದು ನೋಡಿ. ಮೊತ್ತ 77, ಪೂರ್ಣಾಂಕವಾದ 77ನ್ನು ಪೂರ್ಣಾಂಕವಾದ 3ರಿಂದ ಭಾಗಿಸಿದಾಗ ಸಿ ಭಾಷೆ ದಶಮಾಂಶವನ್ನು ಕೈಬಿಟ್ಟು 25 ಎಂದೇ ಉತ್ತರಿಸುತ್ತದೆ. ಪೈಥಾನ್ ಭಾಷೆಯ ಮೂರನೆಯ ಆವೃತ್ತಿಯಲ್ಲಿ ಅದೇ ಭಾಗಾಕಾರ 25.66ಕ್ಕಿಂತ ಮೇಲಿನ ಬೆಲೆಯನ್ನು ಕೊಡುತ್ತದೆ. ಕಾಗದದಲ್ಲಿ ಲೆಕ್ಕ ಹಾಕಿದವರಿಗೆ ಉತ್ತರ ಎಲ್ಲಿ ತಪ್ಪಿತೆಂದು ಕೂಡಲೇ ತಿಳಿಯುತ್ತದೆ, ಬಾಯಿಪಾಠ ಮಾಡಿದವರಿಗೆ ತಪ್ಪಿದೆ ಎಂಬುದೇ ತಿಳಿಯುವುದಿಲ್ಲ. ಕಂಬಸಾಲುಗಳ ಪಕ್ಕದಲ್ಲಿ, ಪ್ರತಿ ಸಾಲು ಏನು ಮಾಡಿತೆಂದು ಕನ್ನಡದಲ್ಲೇ ಬರೆದುಕೊಳ್ಳಿ. ಪರೀಕ್ಷೆಗೆ ಬೇಕಾದ ಇಂಗ್ಲಿಷನ್ನು ವಿಷಯ ತಿಳಿದ ಮೇಲೆ ಕಲಿಯುವುದು ಕಷ್ಟವಲ್ಲ.

ಉಪಕರಣಗಳ ವಿಷಯದಲ್ಲಿ ನನ್ನ ಮಾತು ಖಚಿತ: ಸಿ ಪ್ರೋಗ್ರಾಮುಗಳನ್ನು ನಡೆಸಲು ಟರ್ಬೊ ಸಿ ಬೇಡ. ಅದು 16 ಬಿಟ್ ಕಾಲದ ತಂತ್ರಾಂಶ. ಅದರಲ್ಲಿ ಸಾಮಾನ್ಯ ಪೂರ್ಣಾಂಕ 32767ನ್ನು ಮೀರುವಂತಿಲ್ಲವಾದ್ದರಿಂದ, 200ನ್ನು 200ರಿಂದ ಗುಣಿಸಿದರೆ 40000 ಬರುವ ಬದಲು ಋಣ ಸಂಖ್ಯೆಯೊಂದು ಬಂದು ಕೂರುತ್ತದೆ. ಲಿನಕ್ಸ್‌ನಲ್ಲಿ ಉಚಿತವಾಗಿ ಸಿಗುವ ಜಿಸಿಸಿ ಎಂಬ ಕಂಪೈಲರನ್ನೇ (ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶವನ್ನೇ) ಬಳಸಿ. ಕೇರಳದ ಶಾಲೆಗಳ ಐಸಿಟಿ (ಮಾಹಿತಿ ತಂತ್ರಜ್ಞಾನ) ತರಗತಿಯಲ್ಲಿ ಲಿನಕ್ಸನ್ನೂ ಪೈಥಾನನ್ನೂ ಕಂಡವರಿಗೆ ಇದು ಹೊಸತೇನಲ್ಲ. ಮೊಬೈಲಿನಲ್ಲಿ ಪ್ರೋಗ್ರಾಮ್ ಬರೆದು ಕಲಿಯುತ್ತೇನೆಂಬ ಹಟವೂ ಬೇಡ. ಲ್ಯಾಪ್‌ಟಾಪ್ ಇಲ್ಲದವರು ಕಾಲೇಜಿನ ಲ್ಯಾಬಿನಲ್ಲಿ ಬಿಡುವಿನ ವೇಳೆಯನ್ನು ಕೇಳಿ ಪಡೆಯಬೇಕು.

ಡೇಟಾ ಸ್ಟ್ರಕ್ಚರ್ಸ್ (ಮಾಹಿತಿಯನ್ನು ಜೋಡಿಸಿಡುವ ವಿಧಾನಗಳು) ಕೋರ್ಸು ಬರುವ ಹೊತ್ತಿಗೆ ಈ ಅಭ್ಯಾಸ ಕೈಗೂಡಿರಬೇಕು. ಹೆಚ್ಚಿನ ನೆರವು ಬೇಕಾದವರಿಗೆ, ದುಬಾರಿ ಶುಲ್ಕದ ಸರ್ಟಿಫಿಕೇಟ್ ಕೋರ್ಸುಗಳಿಗಿಂತ ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ ಆನ್‌ಲೈನ್ ಪಾಠಗಳ ಜಾಲವಾದ ಎನ್‌ಪಿಟಿಇಎಲ್‌ನಲ್ಲಿ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನ ಮಾಧವನ್ ಮುಕುಂದ್ ಅವರು ಪೈಥಾನ್ ಬಳಸಿ ನಡೆಸುವ ಪಾಠಗಳು ಎಷ್ಟೋ ಮೇಲು, ಕೇಳಲು ಶುಲ್ಕವೂ ಇಲ್ಲ. ಆ ಕೋರ್ಸಿನ ಪರೀಕ್ಷೆ ಬರೆದು ಕ್ರೆಡಿಟನ್ನು ಪದವಿಗೆ ಸೇರಿಸಿಕೊಳ್ಳುವ ಉದ್ದೇಶವಿದ್ದರೆ ಮಾತ್ರ, ಹೆಸರು ನೋಂದಾಯಿಸುವ ಮೊದಲೇ ವಿಭಾಗದ ಮುಖ್ಯಸ್ಥರಿಂದ ಲಿಖಿತ ಒಪ್ಪಿಗೆಯನ್ನು ಪಡೆದುಕೊಳ್ಳಿ.