ಹುಳುಕಡ್ಡಿಯ ಅಂಚು

ಮೊದಲ ಮಳೆಗಾಲದಲ್ಲಿ, ಹುಳುಕಡ್ಡಿಯ ಫಂಗಸ್ ಬೆಳೆಸಲೆಂದು ಲ್ಯಾಬಿನಲ್ಲಿ ಇಟ್ಟ ನನ್ನ ಟ್ಯೂಬುಗಳಲ್ಲಿ ಬೆಳೆದದ್ದು ಬರೀ ಹಸಿರು ಬೂಸ್ಟು. ಕಾರವಾರದ ಜುಲೈ ಗೊತ್ತಲ್ವಾ? ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು, ಯಾವುದನ್ನೂ ಬೂಸ್ಟು ಬಿಡುವುದಿಲ್ಲ. ಲ್ಯಾಬಿನ ಗಾಳಿಯಲ್ಲೂ ಅದರ ಕಣಗಳೇ. ಟ್ಯೂಬಿಗೆ ಇಟ್ಟ ಹತ್ತಿಯ ಬಿರಡೆ ತೇವ ಹೀರಿ, ಅದರೊಳಗಿಂದಲೇ ಬೂಸ್ಟು ಇಳಿದಿತ್ತು. ಹುಳುಕಡ್ಡಿಯ ಫಂಗಸ್ ನಿಧಾನವಾಗಿ ಬೆಳೆಯುವಂಥದ್ದು. ಅದು ಕಣ್ಣು ಬಿಡುವ ಮೊದಲೇ ಹಸಿರು ಬೂಸ್ಟು ಜಾಗವೆಲ್ಲ ಹಿಡಿದುಬಿಟ್ಟಿತ್ತು. ಒಂದು ತಿಂಗಳ ಕೆಲಸ ಪೂರ್ತಿ ಹೋಯಿತು. ತುಂಬ ಬೇಜಾರಾಯಿತು.

ತಪ್ಪು ನನ್ನದೇ. ನಾನು ಬಳಸಿದ್ದು ಬರೀ ಸಬೂರೋ ಅಗಾರ್, ಅಂದರೆ ಫಂಗಸ್ ಬೆಳೆಸಲು ಟ್ಯೂಬಿನಲ್ಲಿ ಹಾಕುವ ಆಹಾರ. ಅದಕ್ಕೆ ಬ್ಯಾಕ್ಟೀರಿಯಾ ತಡೆಯಲು ಕ್ಲೋರಾಂಫೆನಿಕಾಲ್ ಮತ್ತು ಗಾಳಿಯ ಬೂಸ್ಟು ತಡೆಯಲು ಸೈಕ್ಲೋಹೆಕ್ಸಿಮೈಡ್ ಸೇರಿಸಬೇಕಿತ್ತು. ಮುಂದಿನ ಸಲ ಎರಡನ್ನೂ ಸೇರಿಸಿದೆ. ಹತ್ತಿ ಬಿಟ್ಟು ತಿರುಪಿನ ಮುಚ್ಚಳಕ್ಕೆ ಬಂದೆ. ಪ್ರತಿ ಮಾದರಿಗೂ ಎರಡು ಟ್ಯೂಬು ಇಟ್ಟೆ. ನಾಲ್ಕು ವಾರ ತುಂಬುವವರೆಗೆ ಯಾವ ಟ್ಯೂಬನ್ನೂ ‘ಏನೂ ಇಲ್ಲ’ ಎಂದು ಎಸೆಯಲಿಲ್ಲ.

ಆದರೆ ಅರ್ಧ ಕೆಲಸ ಲ್ಯಾಬಿಗೆ ಬರುವ ಮೊದಲೇ ಮುಗಿದಿರುತ್ತದೆ. ಕೆರೆಯುವುದು ಎಲ್ಲಿಂದ ಎನ್ನುವುದೇ ಮುಖ್ಯ. ಈ ಫಂಗಸ್ ತಿನ್ನುವುದು ಚರ್ಮದ ಮೇಲ್ಪದರದ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನನ್ನು. ಅದು ಹೊರಗಡೆಗೆ ಹರಡುತ್ತ ಹೋಗುತ್ತದೆ, ನಡುವಿನ ಭಾಗ ಮಾಯುತ್ತ ಬರುತ್ತದೆ. ಬಳೆಯಂತೆ ಕಾಣುವುದು ಅದಕ್ಕೇ. ನಡುವೆ ಕೆರೆದರೆ ಸಿಗುವುದು ಸುಮ್ನೆ ಹೊಟ್ಟು. ಕೆಂಪಗೆ ಉಬ್ಬಿದ ಅಂಚನ್ನು ಸ್ಪಿರಿಟ್ಟಿನಿಂದ ಒರೆಸಿ, ಒಣಗಿದ ಮೇಲೆ ಮೊಂಡು ಬ್ಲೇಡಿನಿಂದ ಮೆಲ್ಲಗೆ ಕೆರೆಯಬೇಕು. ಉದುರಿದ್ದನ್ನು ಕಪ್ಪು ಕಾಗದದಲ್ಲಿ ಹಿಡಿದುಕೊಳ್ಳಬೇಕು. ಬಿಳಿ ಹೊಟ್ಟು ಕಪ್ಪಿನ ಮೇಲೆ ಚೆನ್ನಾಗಿ ಕಾಣುತ್ತದೆ, ಕಾಗದದಲ್ಲಿ ಒಣಗಿಯೂ ಇರುತ್ತದೆ.

ಅದರಲ್ಲಿ ಒಂದಿಷ್ಟನ್ನು ಸ್ಲೈಡಿನ ಮೇಲೆ ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಯಲ್ಲಿ ಹಾಕಿ ಹತ್ತಿಪ್ಪತ್ತು ನಿಮಿಷ ಬಿಟ್ಟರೆ ಚರ್ಮದ ಕೋಶಗಳು ಕರಗಿ ತಿಳಿಯಾಗುತ್ತವೆ. ಫಂಗಸ್ಸಿನ ಎಳೆಗಳು ಉಳಿಯುತ್ತವೆ. ಗಂಟುಗಂಟಾದ, ಕವಲೊಡೆದ ಆ ಎಳೆಗಳು ಮೊದಲ ಸಲ ಕಂಡಾಗ ನಾನು ಕಣ್ಣು ತೆಗೆಯದೆ ನೋಡುತ್ತ ಕೂತಿದ್ದೆ.

ಬೈತಖೋಲ ಕಡೆಯಿಂದ ಬಂದ ಒಬ್ಬ ಮೀನು ಮಾರುವ ಅಮ್ಮನನ್ನು ನಾನು ಮರೆಯಲಾರೆ. ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಸೊಂಟದ ಸುತ್ತ ತುರಿಕೆ. “ಡಾಕ್ಟ್ರೇ, ಎಂಟು ತಿಂಗಳಾಯ್ತು. ಹಚ್ಚಿದ್ರೆ ಎರಡು ದಿನಕ್ಕೆ ಹೋಗ್ತದೆ, ಬಿಟ್ರೆ ಮತ್ತೆ ಬರ್ತದೆ” ಎಂದರು. ಚೀಲದಿಂದ ತೆಗೆದ ಟ್ಯೂಬು ಸ್ಟಿರಾಯ್ಡ್ ಸೇರಿದ ಮುಲಾಮು, ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಂಡದ್ದು. ಅವರ ಮೈಮೇಲೆ ಕೆರೆಯಲು ಅಂಚೇ ಇರಲಿಲ್ಲ. ಕೆಂಪು ಮಾಸಿ, ಗಡಿ ಅಳಿಸಿ, ಚರ್ಮ ತೆಳುವಾಗಿ ಗೆರೆ ಬಿದ್ದಿತ್ತು. ಸ್ಟಿರಾಯ್ಡ್ ತುರಿಕೆಯನ್ನು, ಕೆಂಪನ್ನು ಅಡಗಿಸುತ್ತದೆ. ಜೊತೆಗೇ ಫಂಗಸ್ಸಿನ ವಿರುದ್ಧ ಹೋರಾಡುವ ಚರ್ಮದ ಶಕ್ತಿಯನ್ನೂ ಅಡಗಿಸುತ್ತದೆ. ಒಳಗೊಳಗೇ ಫಂಗಸ್ ಆರಾಮಾಗಿ ಹಬ್ಬುತ್ತದೆ. ಅನುಮಾನ ಬಂದ ಮೂರು ನಾಲ್ಕು ಕಡೆ ಕೆರೆದೆ. ಸ್ಲೈಡಿನ ತುಂಬ ಎಳೆಗಳು! ಅಷ್ಟು ದಟ್ಟವಾಗಿ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. 2018ರಲ್ಲಿ ಕೇಂದ್ರ ಸರಕಾರ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳಿಗೆ ವೈದ್ಯರ ಚೀಟಿ ಬೇಕೇ ಬೇಕು ಎಂದು ನಿಯಮ ಮಾಡಿದೆ. ಆ ಅಮ್ಮನ ಸೊಂಟ ನೋಡಿದಾಗ ನನಗೆ ಸಿಟ್ಟೇ ಬಂದಿತು.

ಅವರ ಮಾದರಿ ಹಾಕಿಟ್ಟ ಟ್ಯೂಬಿನಲ್ಲಿ ವಾರದೊಳಗೆ ಕೆನೆಬಣ್ಣದ, ಹಿಟ್ಟು ಉದುರಿಸಿದಂಥ ಬೆಳೆ ಬಂತು. ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊಂಚಲು ಗೊಂಚಲಾಗಿ ದುಂಡನೆಯ ಕಣಗಳು, ಅಲ್ಲಲ್ಲಿ ಸ್ಪ್ರಿಂಗಿನಂತೆ ಸುತ್ತಿಕೊಂಡ ಎಳೆಗಳು. ಹುಳುಕಡ್ಡಿ ತರುವ ಫಂಗಸ್‌ಗಳಲ್ಲಿ ಇದು ಟ್ರೈಕೋಫೈಟಾನ್ ಮೆಂಟಾಗ್ರೋಫೈಟಿಸ್ ಗುಂಪು. ಹಳೆಯ ಪುಸ್ತಕ ಓದಿ ನಾನು ಕಾಯುತ್ತಿದ್ದದ್ದು, ಬೆಳೆಯ ಹಿಂಬದಿ ಕೆಂಪಾಗುವ ಟ್ರೈಕೋಫೈಟಾನ್ ರೂಬ್ರಮ್ ಅನ್ನು. ಈಗ ನಮ್ಮ ದೇಶದಲ್ಲಿ ಜಾಸ್ತಿ ಕಾಣುವುದು ಮೆಂಟಾಗ್ರೋಫೈಟಿಸ್ ಗುಂಪಿನದೇ ಒಂದು ಬಗೆ. 2020ರಲ್ಲಿ ಜಪಾನಿನ ಸಂಶೋಧಕರು ಅದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂದು ಹೆಸರಿಟ್ಟರು. ಕಣ್ಣಿನಿಂದ ನೋಡಿ ಅದನ್ನು ಬೇರೆ ಮಾಡಲಾಗದು, ಡಿಎನ್‌ಎ ಓದಲೇಬೇಕು. ಅದರ ಹಲವು ತಳಿಗಳಿಗೆ, ಫಂಗಸ್ಸಿಗೆಂದು ಕೊಡುವ ಟರ್ಬಿನಾಫಿನ್ ಮಾತ್ರೆ ನಾಟುವುದಿಲ್ಲ. ಮಾತ್ರೆ ಹೋಗಿ ಕೂರಬೇಕಾದ ಕಿಣ್ವದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಸಾಕು, ಮಾತ್ರೆಗೆ ಅಲ್ಲಿ ಹಿಡಿತ ಸಿಗದು. ನಮ್ಮ ಲ್ಯಾಬಿನಲ್ಲಿ ಡಿಎನ್‌ಎ ಓದುವ ಯಂತ್ರ ಇಲ್ಲ. ಆ ಟ್ಯೂಬನ್ನು ದೊಡ್ಡ ಲ್ಯಾಬಿಗೆ ಕಳಿಸಿದೆ. ಚರ್ಮದ ಡಾಕ್ಟರು ಕಾಯದೆ ಇಟ್ರಾಕೊನಜೋಲ್ ಎಂಬ ಇನ್ನೊಂದು ಫಂಗಸ್ ಔಷಧ ಶುರು ಮಾಡಿದರು, ಸ್ಟಿರಾಯ್ಡ್ ಮುಲಾಮು ನಿಲ್ಲಿಸಿದರು.

“ಮನೆಯಲ್ಲಿ ಬೇರೆ ಯಾರಿಗಾದ್ರೂ ಇದೆಯಾ ಅಮ್ಮಾ?” ಎಂದು ಕೇಳಿದ್ದೆ. ಇಲ್ಲ ಎಂದಿದ್ದರು. ಒದ್ದೆ ಲಂಗವನ್ನು ಬಚ್ಚಲೊಲೆಯ ಮೇಲೆ ಒಣಗಿಸಿ, ಪೂರ್ತಿ ಒಣಗಿದ ಮೇಲೆಯೇ ಉಡಿ, ಟವೆಲ್ ಹಂಚಿಕೊಳ್ಳಬೇಡಿ ಎಂದು ಹೇಳಿ ಕಳಿಸಿದೆ. ಮುಂದಿನ ವಾರ ಮಗ, ಸೊಸೆ, ಮೊಮ್ಮಗಳನ್ನು ಕರೆದುಕೊಂಡು ಬಂದರು. ಮೀನುಗಾರಿಕೆ ನಿಷೇಧದ ತಿಂಗಳು, ಮಗ ಮನೆಯಲ್ಲೇ ಇದ್ದ. ಮೂವರಿಗೂ ಇತ್ತು. ಮೊಮ್ಮಗಳ ತೋಳಿನ ಮೇಲೆ ಇನ್ನೂ ಯಾವ ಮುಲಾಮೂ ಮುಟ್ಟದ ಒಂದು ದುಂಡನೆಯ ಬಳೆ. ಅದರ ಅಂಚು ಎಷ್ಟು ಸ್ಪಷ್ಟವಾಗಿತ್ತೆಂದರೆ, ಬ್ಲೇಡು ಇಡುವ ಮೊದಲೇ ನನಗೆ ಗೊತ್ತಾಗಿತ್ತು.